‘ಹೊರಗ’ ಎನ್ನದ ಮನೆ

ಆ ನಾಯಿ ನಮ್ಮ ಮನೆಗೆ ಬಂದದ್ದು ಕಾಯಿಪಲ್ಲೆಯ ಬುಟ್ಟಿಯಲ್ಲಿ, ರಾಣೆಬೆನ್ನೂರಿನಿಂದ ಬ್ಯಾಡಗಿಗೆ, ಪ್ಯಾಸೆಂಜರ್ ರೈಲಿನಲ್ಲಿ. ಬುಟ್ಟಿಯ ಮೇಲೆ ಅಕ್ಕನ ಹಳೆಯ ಸೀರೆಯ ತುಂಡೊಂದನ್ನು ಮುಚ್ಚಿದ್ದೆ. ಎದುರು ಕುಳಿತಿದ್ದ ಹೆಂಗಸು ಬಹಳ ಹೊತ್ತು ಬುಟ್ಟಿಯನ್ನೇ ನೋಡಿ, ಕೋಳಿಯೇ ಎಂದು ಕೇಳಿದಳು. ನಾಯಿ ಎಂದೆ. ಒಂದಿಷ್ಟೂ ಸದ್ದು ಮಾಡದ ನಾಯಿ ಇರುತ್ತದೆಂದು ಅವಳಿಗೆ ನಂಬಿಕೆಯಾಗಲಿಲ್ಲ. ಬಟ್ಟೆ ಸರಿಸಿ ತೋರಿಸಿದೆ. ಬಿಳಿಯ ಕೂದಲು ಹಳದಿಗೆ ತಿರುಗಿ ಜಡೆಗಟ್ಟಿತ್ತು, ಕಿವಿಯ ಹಿಂದೆ ಹುಣ್ಣು. ಬೆಳಕು ಬಿದ್ದೊಡನೆ ಅದು ಕಣ್ಣು ಮುಚ್ಚಿಕೊಂಡಿತು. ಹೆಂಗಸು ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು, "ಇದನ್ನ ರೊಕ್ಕಾ ಕೊಟ್ಟು ತಂದೀರೇನ್ರಿ?" ಎಂದಳು.

ಕೊಟ್ಟಿರಲಿಲ್ಲ. ಬೇಡಿ ತಂದಿದ್ದೆ.

ಅಕ್ಕನ ಮನೆ ರಾಣೆಬೆನ್ನೂರಿನಲ್ಲಿ. ಅವರ ಹಿತ್ತಲ ಗೋಡೆಯಾಚೆ ಒಂದು ತಗಡಿನ ಶೆಡ್ಡು. ಅಲ್ಲೊಬ್ಬ ನಾಯಿಗಳನ್ನು ಸಾಕಿ ಮರಿ ಮಾಡಿಸಿ ಮಾರುತ್ತಿದ್ದ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹೊಸದಾಗಿ ಮನೆ ಕಟ್ಟಿಸಿದವರಿಗೆಲ್ಲ ಗೇಟಿನ ಒಳಗೆ ಬೊಗಳಲು ಒಂದು ಬಿಳಿಯ ಉಣ್ಣೆಯಂಥ ನಾಯಿ ಬೇಕಾಗಿದ್ದ ಕಾಲ. ಆಮೇಲೆ ಟೀವಿಯ ಜಾಹೀರಾತಿನಲ್ಲಿ ಚಪ್ಪಟೆ ಮೂತಿಯ ನಾಯಿಯೊಂದು ಬಂದಿತು. ಜನ ಅದನ್ನೇ ಕೇಳತೊಡಗಿದರು. ಅವನು ಬಿಳಿಯವನ್ನು ಒಂದೊಂದಾಗಿ ಸಾಗಹಾಕಿದ. ಇನ್ನು ಮರಿ ಹಾಕಲಾರದ ಈ ಹೆಣ್ಣುನಾಯಿ ಮಾತ್ರ ಯಾರಿಗೂ ಬೇಡವಾಗಿತ್ತು. ಬೈಪಾಸಿನ ಹತ್ತಿರ ಬಿಟ್ಟು ಬರುತ್ತಾನಂತೆ ಎಂದು ಅಕ್ಕ ಹೇಳಿದಳು.

ನಾನು ಆಗ ಅವಳ ಮಾಳಿಗೆಯ ಮೇಲೆ ಒಣಗಿದ ಸಂಡಿಗೆ ಬಿಡಿಸುತ್ತಿದ್ದೆ. ಕೆಳಗೆ ಅವನು ಪಂಜರದ ಬಾಗಿಲು ತೆಗೆದು ಆ ನಾಯಿಯನ್ನು ನೆಲದ ಮೇಲೆ ಇಟ್ಟ. ಅದು ಒಂದು ಕಾಲೆತ್ತಿತು, ಅದನ್ನಿಟ್ಟು ಇನ್ನೊಂದೆತ್ತಿತು. ಕಾದ ಮರಳಿನ ಮೇಲೆ ನಾವು ಮಾಡುವ ಹಾಗೆ. ಆದರೆ ನೆಲ ಕಾದಿರಲಿಲ್ಲ, ನೆರಳಿತ್ತು. ಉಗುರುಗಳು ಬೆಳೆದು ಕೊಕ್ಕೆಯಂತೆ ಒಳಕ್ಕೆ ಬಾಗಿದ್ದವು. ಅಕ್ಕ ಆ ಮನೆಗೆ ಬಂದಾಗಿನಿಂದ ಅದನ್ನು ಅದೇ ಪಂಜರದಲ್ಲಿ ನೋಡಿದ್ದಳಂತೆ. ಕೆಳಗೆ ತಂತಿಯ ಜಾಳಿಗೆ, ಅದರ ಮೇಲೊಂದು ಗೋಣಿಚೀಲ. ಅದಕ್ಕೆ ಗೊತ್ತಿದ್ದ ನೆಲ ಅಷ್ಟೇ.

ಒಂದು ಸ್ಟೀಲ್ ಡಬ್ಬಿ ಕೊಳ್ಳಬೇಕಾದರೂ ಮನೆಯಲ್ಲಿ ಕೇಳಿ ಕೊಳ್ಳುವವಳು ನಾನು. ಅಂದು ಯಾರನ್ನೂ ಕೇಳಲಿಲ್ಲ. ಸಂಡಿಗೆಯ ಮೊರವನ್ನು ಅಲ್ಲಿಯೇ ಬಿಟ್ಟು ಇಳಿದು, ಓಣಿ ಸುತ್ತಿ ಅವನ ಗೇಟಿಗೆ ಹೋಗಿ, ನನಗೆ ಕೊಡಿರಿ ಎಂದೆ. ಅವನಿಗೆ ಪೆಟ್ರೋಲು ಉಳಿಯಿತು.

ಬ್ಯಾಡಗಿಯ ನಮ್ಮ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬುಟ್ಟಿ ನೋಡಿ, ಅಕ್ಕನ ಮನೆಯ ಬದನೆಕಾಯಿ ಇರಬೇಕೆಂದು ಕೈ ಚಾಚಿದರು. ಒಳಗಿದ್ದುದನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡರು. "ಮದಿವ್ಯಾಗ ಬಳುವಳಿ ಕಡಿಮಿ ಆಗಿತ್ತಂತ ಈಗ ಕಳಿಸ್ಯಾರೇನು ನಿಮ್ಮ ಮಂದಿ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ನಾಯಿ ಬುಟ್ಟಿಯಿಂದ ಇಳಿದು, ಪಡಸಾಲೆಯ ನುಣುಪು ಕಲ್ಲಿನ ಮೇಲೆ ಜಾರಿ, ತಡವರಿಸಿ, ಬಾಗಿಲ ಬಳಿಯ ಗೋಣಿಯ ಕಾಲೊರಸಿನ ಮೇಲೆ ಹತ್ತಿ ನಿಂತಿತು. ಅಲ್ಲಿಯೇ ಉಚ್ಚೆ ಹೊಯ್ದಿತು.

ನಮ್ಮ ಪಡಸಾಲೆಯ ವಿಷಯ ಇಲ್ಲಿ ಹೇಳಬೇಕು. ನನ್ನ ಗಂಡನದು ಮೆಣಸಿನಕಾಯಿ ದಲಾಲಿ ಅಂಗಡಿ. ಸಂಕ್ರಾಂತಿಯ ಹೊತ್ತಿಗೆ ಹೊಸ ಮಾಲು ಬರತೊಡಗಿದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಒಳ್ಳೆಯ ಬಣ್ಣದ, ಆಯ್ದ ಮಾಲಿನ ಚೀಲಗಳು ನಮ್ಮ ಪಡಸಾಲೆಗೆ ಬಂದು ಗೋಡೆಗೆ ಆತು ಕೂರುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಇರುವುದು ಖಾರಕ್ಕಲ್ಲ, ಬಣ್ಣಕ್ಕೆ. ಒಂದು ಚೀಲದ ತಳ ಒದ್ದೆಯಾದರೂ ಸಾಕು, ಬೂಷ್ಟು ಹಿಡಿದು ಬಣ್ಣ ಹೋಗುತ್ತದೆ, ಜೊತೆಗೆ ದಲಾಲನ ಮಾತೂ ಹೋಗುತ್ತದೆ. ನಾನು ಹಾವೇರಿಯಿಂದ ಮದುವೆಯಾಗಿ ಬಂದ ಮೊದಲ ಸುಗ್ಗಿಯಲ್ಲಿ ಆ ಘಾಟಿಗೆ ಸೀನಿ ಸೀನಿ ಸುಸ್ತಾಗಿದ್ದೆ. ಬಂದ ಬೀಗರೆಲ್ಲ ನನ್ನ ಮುಖಕ್ಕಿಂತ ಮೊದಲು ನನ್ನ ಸೀನನ್ನು ಪರಿಚಯ ಮಾಡಿಕೊಂಡರು. ಸೀನುವುದು ನಿಂತ ವರ್ಷ ನೀನು ನಮ್ಮವಳು ಎಂದು ಅತ್ತೆ ಆಗ ಹೇಳಿದ್ದರು.

ಗಂಡ ಸಂಜೆ ಅಂಗಡಿಯಿಂದ ಬಂದು ನಾಯಿಯನ್ನು ನೋಡಿದರು, ಒದ್ದೆಯಾದ ಕಾಲೊರಸನ್ನು ನೋಡಿದರು, ಖಾಲಿ ಪಡಸಾಲೆಯನ್ನೊಮ್ಮೆ ನೋಡಿದರು. ಅವರು ಕೂಗಾಡುವವರಲ್ಲ. ಊಟವಾದ ಮೇಲೆ ಅಡಿಕೆ ಕತ್ತರಿಸುತ್ತ ಹೇಳಿದರು: "ಹೊಸ ಮಾಲು ಬರೂದ್ರೊಳಗ ಇದಕ್ಕ ಕಲಸು. ಕಲೀಲಿಲ್ಲಂದ್ರ ಅಗಡಿ ಹೊಲಕ್ಕ ಬಿಟ್ಟು ಬರ್ತೇನಿ. ಆಮ್ಯಾಲೆ ಸಿಟ್ಟ ಮಾಡ್ಕೋಬ್ಯಾಡ."

ಅಗಡಿ ಊರಿನ ನಮ್ಮ ಹೊಲದಲ್ಲಿ ಪೀಕು ಕಾಯುವ ದೊಡ್ಡ ನಾಯಿಗಳಿವೆ. ಮಣ್ಣಿನ ಮೇಲೆ ನಿಲ್ಲಲೂ ಬಾರದ ಈ ಜೀವ ಅಲ್ಲಿ ಎಷ್ಟು ಹೊತ್ತು ಬಾಳೀತು ಎಂಬುದು ಅವರಿಗೂ ಗೊತ್ತಿತ್ತು, ನನಗೂ. ಆಗಷ್ಟೇ ದಸರೆ ಮುಗಿದಿತ್ತು. ಕಲಿಸುತ್ತೇನೆ ಎಂದೆ. ಹೆಸರಿಡೋಣವೇ ಎಂದು ಕೇಳಿದ್ದಕ್ಕೆ ಅತ್ತೆ, ಇರುವುದು ಖಾತ್ರಿಯಾಗಲಿ, ಹೆಸರು ಆಮೇಲೆ ಎಂದರು.

ಕಲಿಸುವುದು ನಾನು ತಿಳಿದಷ್ಟು ಸುಲಭವಾಗಿರಲಿಲ್ಲ. ಹಾವೇರಿಯ ದನದ ದವಾಖಾನೆಗೆ ಒಯ್ದು ಉಗುರು ತೆಗೆಸಿ, ಹುಣ್ಣಿಗೆ ಮುಲಾಮು ತಂದೆ. ಇದು ಮರಿಯಲ್ಲ, ಇಷ್ಟು ವರ್ಷ ಇದ್ದ ಜಾಗದಲ್ಲಿಯೇ ಎಲ್ಲ ಮಾಡಿದ ಪ್ರಾಣಿ, ಬಹಳ ಆಸೆ ಇಟ್ಟುಕೊಳ್ಳಬೇಡಿರಿ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಓಣಿಯಲ್ಲಿ ಉಪದೇಶಕ್ಕೆ ಬರವಿರಲಿಲ್ಲ. ಮೂಗನ್ನು ಅದರ ಗಲೀಜಿಗೇ ಒತ್ತಿ ತಿಕ್ಕಬೇಕು ಎಂದರು ಒಬ್ಬರು. ಪೇಪರು ಸುರುಳಿ ಸುತ್ತಿ ಎರಡು ಬಾರಿಸಬೇಕು ಎಂದರು ಇನ್ನೊಬ್ಬರು. ಎದುರು ಮನೆಯ ಚಾಚಿ ಬಾಗಿಲಲ್ಲಿ ಅಕ್ಕಿ ಆರಿಸುತ್ತ, ನೀವು ಕಾನ್ವೆಂಟಿನಾಗ ಕಲಿತವರು, ಇಂಗ್ಲಿಷಿನಾಗ ಹೇಳಿ ನೋಡ್ರಿ ಎಂದು ಚೇಷ್ಟೆ ಮಾಡಿದರು.

ಕಾನ್ವೆಂಟಿನಲ್ಲಿ ನಾನು ಕಲಿತದ್ದು ಬೇರೆ. ಅಲ್ಲಿ ಶಾಲೆಯ ಅಂಗಳದಲ್ಲಿ ಕನ್ನಡ ಮಾತಾಡಿದವರ ಕೊರಳಿಗೆ ಒಂದು ರಟ್ಟಿನ ತುಂಡು ಬೀಳುತ್ತಿತ್ತು. ಇನ್ನೊಬ್ಬಳು ಸಿಕ್ಕಿಬೀಳುವವರೆಗೆ ಅದು ನಮ್ಮ ಕೊರಳಲ್ಲೇ. ಆ ರಟ್ಟು ತೊಟ್ಟ ದಿನಗಳಲ್ಲಿ ನಾನು ಇಂಗ್ಲಿಷನ್ನೇನೂ ಹೆಚ್ಚು ಕಲಿಯಲಿಲ್ಲ. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ಈ ನಾಯಿ ಆಗಲೇ ಬಾಯಿ ಮುಚ್ಚಿಕೊಂಡಿತ್ತು. ಬಂದಾಗಿನಿಂದ ಒಮ್ಮೆಯೂ ಬೊಗಳಿರಲಿಲ್ಲ. ಹೊಡೆದು ಅದಕ್ಕೆ ಇನ್ನೇನು ಕಲಿಸುವುದಿತ್ತು? ಹೊಡೆಯುವುದಿಲ್ಲ ಎಂದು ನಿಶ್ಚಯಿಸಿದೆ. ಕೂಗುವುದೂ ಇಲ್ಲ. ಬರೇ ನೋಡುತ್ತೇನೆ, ಒರೆಸುತ್ತೇನೆ.

ನೋಡುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅದು ಬರಿಯ ಕಲ್ಲಿನ ಮೇಲೆ ಉಚ್ಚೆಗೆ ಕೂರುವುದೇ ಅಪರೂಪ. ಚಾಪೆಯ ಮೇಲಿಲ್ಲ, ಬಟ್ಟೆಯ ಮೇಲಿಲ್ಲ. ಕಾಲೊರಸು, ಜೋಳದ ಡಬ್ಬಿಯ ಕೆಳಗೆ ಹಾಸಿದ ಚೀಲ, ತೆಂಗಿನಕಾಯಿ ತಂದಿದ್ದ ಚೀಲ. ಎಲ್ಲಿ ಗೋಣಿ ಇದೆಯೋ ಅಲ್ಲಿ. ಪಂಜರದಲ್ಲಿ ಪಾದಕ್ಕೆ ಗೋಣಿ ತಾಗಿದರೆ ಅದು ಆ ಕೆಲಸದ ಜಾಗ. ಅದಕ್ಕೆ ತಾನು ತಪ್ಪು ಮಾಡುತ್ತಿದ್ದೇನೆಂದೇ ಗೊತ್ತಿರಲಿಲ್ಲ. ತನ್ನ ಮಟ್ಟಿಗೆ ಅದು ಸರಿಯಾಗಿಯೇ ನಡೆದುಕೊಳ್ಳುತ್ತಿತ್ತು.

ನನಗೆ ಎಲ್ಲಿಲ್ಲದ ಹುರುಪು ಬಂತು. ಮನೆಯೊಳಗಿನ ಗೋಣಿಯನ್ನೆಲ್ಲ ಅಟ್ಟಕ್ಕೆ ಹಾಕಿ, ಹಳೆಯ ಮೆಣಸಿನಕಾಯಿ ಚೀಲವೊಂದನ್ನು ತೊಳೆದು ಹಿತ್ತಲ ಬಾಗಿಲ ಬಳಿ ಹಾಸಿದೆ. ಬೆಳಿಗ್ಗೆ ಎದ್ದೊಡನೆ, ಉಂಡೊಡನೆ, ಮಲಗಿ ಎದ್ದೊಡನೆ ನಾಯಿಯನ್ನು ಎತ್ತಿಕೊಂಡು ಹೋಗಿ ಆ ಚೀಲದ ಮೇಲೆ ನಿಲ್ಲಿಸುವುದು. ರೊಟ್ಟಿ ತಟ್ಟುತ್ತಿದ್ದರೂ ಸರಿ, ಹಿಟ್ಟಿನ ಕೈಯಲ್ಲೇ ಏಳುವುದು. ಕೂತರೆ ಬೆಲ್ಲದ ಚೂರು. ದೀಪಾವಳಿ ಬರುವಷ್ಟರಲ್ಲಿ ಅದು ಚೀಲ ಕಂಡರೆ ತಾನಾಗಿ ಹೋಗಿ ಕೂರುವಷ್ಟಾಯಿತು. ಒಂದು ರವಿವಾರ ಗಂಡನನ್ನು ಕರೆದು ತೋರಿಸಿದೆ. ಅವರು ಬಾಗಿಲಿಗೆ ಆತು ನಿಂತು ಪೂರ್ತಿ ನೋಡಿದರು.

"ಭಾಳ ಚಲೋ ಕಲಿಸೀದಿ," ಎಂದರು. "ಮೆಣಸಿನಕಾಯಿ ಚೀಲ ಕಂಡ್ರ ಅದರ ಮ್ಯಾಲೆ ಕುಂದರಬೇಕು. ಸಂಕ್ರಾಂತಿಗೆ ಮನ್ಯಾಗ ಇದರ ಜಾತ್ರಿನ ಆಕ್ಕೈತಿ."

ಅವರು ಒಳಗೆ ಹೋಗಿ ಅದನ್ನೇ ಅತ್ತೆಗೆ ಹೇಳಿದ್ದು, ಅತ್ತೆ ನಕ್ಕಿದ್ದು ಎರಡೂ ಕೇಳಿಸಿತು. ನಾನು ಕೈಯಲ್ಲಿ ಬೆಲ್ಲ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದೆ. ಮೆಣಸಿನಕಾಯಿಯವರ ಮನೆಯ ಸೊಸೆ ಮಾತ್ರ ಮಾಡಬಹುದಾದ ತಪ್ಪು ಅದು. ಚೀಲ ಎಂದರೆ ನಮಗೆ ಮನೆಯ ಗಾಳಿಯಿದ್ದ ಹಾಗೆ, ಬೇರೆಯಾಗಿ ಕಾಣುವುದೇ ಇಲ್ಲ.

ಅಳು ಬರಲಿಲ್ಲ. ಹಟ ಬಂತು. ಚೀಲವನ್ನು ಹಿತ್ತಲ ಪೇರಲ ಗಿಡದ ಬುಡಕ್ಕೆ ಒಯ್ದು ಹಾಸಿದೆ. ಮೊದಲು ಅದರ ಮೇಲೆ ಒಂದು ಹಿಡಿ ಮಣ್ಣು ಉದುರಿಸಿದೆ, ರಂಗೋಲಿ ಹಾಕುವಾಗ ಉದುರಿಸುವ ಹಾಗೆ ತೆಳ್ಳಗೆ. ನಾಯಿ ಮೂಸಿ ನೋಡಿತು, ಕಾಲೆತ್ತಿತು, ಕಾಲಿಟ್ಟಿತು, ಕೂತಿತು. ಮರುದಿನ ಇನ್ನೊಂದು ಹಿಡಿ. ಆಮೇಲೆ ಒಂದು ಬೊಗಸೆ. ಮಣ್ಣು ಹೆಚ್ಚಾಯಿತೆಂದರೆ ಅದು ಹಿಂದೆ ಸರಿದು ನನ್ನ ಕಡೆ ನೋಡುತ್ತಿತ್ತು. ನಾನು ಸ್ವಲ್ಪ ಗುಡಿಸಿ ಕಡಿಮೆ ಮಾಡುತ್ತಿದ್ದೆ. ಇಬ್ಬರೂ ಚೌಕಾಸಿ ಮಾಡುತ್ತ ಮಾಡುತ್ತ ಚೀಲ ಮಣ್ಣಿನಡಿ ಹೂತುಹೋಯಿತು. ಒಂದು ದಿನ ಅದು ಒಳಗೆ ಮಲಗಿದ್ದಾಗ ಮಣ್ಣಿನಡಿಯಿಂದ ಚೀಲವನ್ನು ಮೆಲ್ಲಗೆ ಎಳೆದುಬಿಟ್ಟೆ. ಎದ್ದು ಬಂದು, ಬರಿಯ ಮಣ್ಣಿನ ಮೇಲೆ ನಾಲ್ಕೂ ಕಾಲೂರಿ ಕೂತಿತು. ಅದರ ಪಾದದ ಗುರುತು ಮಣ್ಣಿನಲ್ಲಿ ಮೂಡಿತ್ತು. ಅಂಥದೊಂದು ಗುರುತನ್ನು ಅದು ತನ್ನ ಜನ್ಮದಲ್ಲಿ ಬಿಟ್ಟಿರಲಿಕ್ಕಿಲ್ಲ. ಗುಡಿಸುವಾಗ ಅದೊಂದನ್ನು ಬಿಟ್ಟು ಗುಡಿಸಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಎಲ್ಲ ಸರಿಯಾಗಿರುತ್ತಲೇ ನಡುವೆ ಇದ್ದಕ್ಕಿದ್ದ ಹಾಗೆ ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ ಒದ್ದೆ. ಅದೂ ಆಗಷ್ಟೇ ಹಿತ್ತಲಿಗೆ ಹೋಗಿ ಬಂದ ಮೇಲೆ. ಅತ್ತೆ ಮಡಿಯುಟ್ಟು ದೇವರ ಮನೆಗೆ ಹೋಗುವ ದಾರಿಯಲ್ಲಿ ಒಮ್ಮೆ ಆಯಿತು. ಅವರು ಮತ್ತೆ ಸ್ನಾನ ಮಾಡಬೇಕಾಯಿತು. ಅಗಡಿಯ ಹೊಲ ಈ ವರ್ಷ ಹಸಿರಾಗಿದೆಯಂತೆ ಎಂದು ಅವತ್ತಿಡೀ ಗೋಡೆಗೆ ಹೇಳಿದರು. ಕ್ಯಾಲೆಂಡರಿನಲ್ಲಿ ಡಿಸೆಂಬರಿನ ಹಾಳೆ ಮೇಲೆ ಬಂದಿತ್ತು.

ನಾನು ಮತ್ತೆ ನೋಡುತ್ತ ಕೂತೆ. ಒಂದು ಮಧ್ಯಾಹ್ನ ನಾಯಿ ಗೋಡೆಯ ಪಕ್ಕ ಮಲಗಿತ್ತು. ದೇವರ ಮನೆಯಿಂದ ಅತ್ತೆ, "ಹೊರಗ ಯಾರೋ ಬಂದಾರ ನೋಡವಾ" ಎಂದರು. ನಾಯಿ ಎದ್ದು ನಿಂತಿತು. ಕೂರಲಿಲ್ಲ, ಮೂಸಲಿಲ್ಲ. ತಲೆ ತಗ್ಗಿಸಿ, ಬಾಲ ಒಳಗೆ ಸೇರಿಸಿ, ನಿಂತಲ್ಲಿಯೇ ಉಚ್ಚೆ ಹೊಯ್ದುಕೊಂಡಿತು. ತಡೆಯಲಾರದೆ ಆದದ್ದಲ್ಲ ಅದು. ಯಾರೋ ಬಂದು ಕತ್ತಿನ ಹಿಂದೆ ಹಿಡಿದೆತ್ತುತ್ತಾರೆಂದು ಕಾಯುವ ನಿಲುವು. ಎರಡು ದಿನದ ಮೇಲೆ ಗಂಡ ಪೇಪರು ಓದುತ್ತ, ಚಪ್ಪಲಿ ಹೊರಗ ಬಿಟ್ಟಿದ್ನೆಲಾ ಎಂದರು. ಮತ್ತೆ ಹಾಗೆಯೇ. ಎರಡು ಸಲವೂ ಅದರ ಕಿವಿಗೆ ಬಿದ್ದದ್ದು ಒಂದೇ ಮಾತು, ‘ಹೊರಗ’.

ನಾನು ಬೇರೆ ಮಾತುಗಳನ್ನು ಆಡಿ ನೋಡಿದೆ. ಅಂಗಳ ಎಂದೆ, ಹಿತ್ತಲ ಎಂದೆ, ಬಾಗಿಲ ಎಂದೆ. ಕಿವಿ ಆಡಿಸಿತು, ಅಷ್ಟೇ. ಕೊನೆಗೆ ಕೂಸಿಗೆ ಹೇಳುವ ದನಿಯಲ್ಲಿ, ಮೆತ್ತಗೆ, ಆ ಮಾತನ್ನೂ ಅಂದೆ. ಅದು ಎದ್ದು ನಿಂತು ತಲೆ ತಗ್ಗಿಸಿತು. ಆಗ ಹೊಳೆಯಿತು: ದಸರೆಯಿಂದ ಈವರೆಗೆ ಅದನ್ನು ಹಿತ್ತಲಿಗೆ ಒಯ್ಯುವಾಗೆಲ್ಲ ನಾನು "ಹೊರಗ ಹೋಗೂಣು ನಡಿ" ಎನ್ನುತ್ತಿದ್ದೆ. ಕಲಿಸುವ ಕೈಯೇ ಪ್ರತಿಸಲ ಹೆದರಿಸುತ್ತಿತ್ತು.

ಅಕ್ಕನಿಗೆ ಫೋನು ಮಾಡಿ ಕೇಳಿದೆ. ಅವಳು ಯೋಚಿಸಲೇ ಇಲ್ಲ.

"ಗಿರಾಕಿ ಬಂದ್ರಂದ್ರ ಅಂವ ಕೂಗೂದು ಅದ ಒಂದು ಮಾತು ನೋಡು. ಹೊರಗ ತಗೀ, ಹೊರಗ ತಗೀ. ಮರಿ ತಗೊಳ್ಳೂ ಮುಂದ ತಾಯಿ ಕಚ್ಚಬಾರದಂತ ಮದಲ ತಾಯಿನ್ನ ಹೊರಗ ಎಳೀತಿದ್ರು. ಮತ್ತ ಒಳಗ ಹಾಕೂದ್ರಾಗ ಮರಿ ಇರ್ತಿದ್ದಿಲ್ಲ. ಚೀಲ ಮೂಸಿಕೋಂತ ಸುತ್ತತಿತ್ತು, ಪಾಪ. ನಮಗ ಕೇಳಿ ಕೇಳಿ ಸಾಕಾಗಿತ್ತು."

ಫೋನು ಇಟ್ಟ ಮೇಲೆ ನಾಯಿಯ ಪಕ್ಕ ನೆಲಕ್ಕೆ ಕುಳಿತೆ. ಯಾವ ಮಾತಿನಲ್ಲಿ ಏನಿದೆಯೋ ಎಂದು ಭಯವಾಗಿತ್ತು.

ಆ ದಿನ ಊಟಕ್ಕೆ ಕೂತಾಗ, ಇನ್ನು ಈ ಮನೆಯಲ್ಲಿ ಆ ಮಾತು ಆಡಬಾರದು ಎಂದು ಹೇಳಿದೆ. ನಾನು ಹಾಗೆ ಕಟ್ಟಪ್ಪಣೆ ಮಾಡಿದ್ದು ಅದೇ ಮೊದಲು. ಗಂಡ ತುತ್ತು ಕೈಯಲ್ಲೇ ಹಿಡಿದು ನಕ್ಕರು. ಒಳಗೆ ಎಂದ ಮೇಲೆ ಇನ್ನೊಂದು ಮಾತು ಬೇಕೇ ಬೇಕಲ್ಲ, ನಾಯಿಗಾಗಿ ಕನ್ನಡ ಬಿಡಬೇಕೇ ಎಂದರು. ಒಂದೇ ಮಾತು ಬಿಡಿರಿ, ಉಳಿದದ್ದೆಲ್ಲ ಇಟ್ಟುಕೊಳ್ಳಿರಿ ಎಂದೆ. ಕೊರಳಿಗೆ ರಟ್ಟು ಕಟ್ಟುವುದು ನನಗೆ ಬೇಕಿರಲಿಲ್ಲ. ಬೇರೆ ನಿಯಮ ಹೇಳಿದೆ: ಆ ಮಾತು ಅಂದವರು ನೆಲ ಒರೆಸಬೇಕು. ಅವರು ಆಗಲಿ ಎಂದರು, ನಾಯಿಯ ಹಣೆಬರಹ ಹೇಗೂ ಸಂಕ್ರಾಂತಿಗೆ ಗೊತ್ತಾಗುತ್ತದೆ ಎಂಬ ದನಿಯಲ್ಲಿ.

ನನಗೆ ಅಂಜಿಕೆ ಇದ್ದದ್ದು ಅತ್ತೆಯದು. ದಿನಕ್ಕೆ ಎಷ್ಟು ಸಲ ಆ ಮಾತು ಅವರ ಬಾಯಿಂದ ಬರುತ್ತಿತ್ತೋ. ಮರುದಿನ ನಾನು ರೊಟ್ಟಿ ಬೇಯಿಸುವಾಗ ಬಂದು ಒಲೆಯ ಕಟ್ಟೆಯ ಪಕ್ಕ ಕುಳಿತರು. ಬಿಸಿ ರೊಟ್ಟಿ ಮಡಚಿ ಬುಟ್ಟಿಗೆ ಹಾಕುತ್ತ, ನನ್ನ ಕಡೆ ನೋಡದೆ, ಪಡಸಾಲೆಯಲ್ಲಿದ್ದ ನಾಯಿಗೆ ಕೇಳದಂತೆ ಮೆಲ್ಲಗೆ ಮಾತು ತೆಗೆದರು.

"ನಾ ಈ ಮನಿಗೆ ಬಂದ ಹೊಸದಾಗ ತಿಂಗಳಿಗೊಮ್ಮೆ ನಮ್ಮ ಅತ್ತಿ ಬಾಗಲದಾಗ ನಿಂತು, ಸೊಸಿ ಹೊರಗ ಅದಾಳ ಅಂತ ಓಣಿಗೆಲ್ಲಾ ಕೇಳೂಹಂಗ ಹೇಳ್ತಿದ್ರು. ದನದ ಕೊಟ್ಟಿಗ್ಯಾಗ ಒಂದು ಚಾಪಿ, ಒಂದು ತಂಬಗಿ. ಆ ಮಾತು ಕಿವಿಗೆ ಬಿತ್ತಂದ್ರ ನಾನೂ ಆ ನಾಯಿಯಂಗ ತಲಿ ತಗ್ಗಿಸಿ ನಿಂದರತಿದ್ದೆ."

ನಾನು ರೊಟ್ಟಿ ತಿರುವಿ ಹಾಕುವುದನ್ನು ಮರೆತೆ. ಅವರೇ ಕೈ ಚಾಚಿ ತಿರುವಿದರು.

"ನಿನಗ ಒಮ್ಮೆರ ಹಂಗ ಅಂದೇನಿ ಏನು ನಾನು?"

ಇಲ್ಲ. ಅಂದಿರಲಿಲ್ಲ. ಆ ದಿನಗಳಲ್ಲಿ ದೇವರ ಮನೆಯ ಕೆಲಸವನ್ನು ಸುಮ್ಮನೆ ತಾವೇ ಮಾಡಿಕೊಳ್ಳುತ್ತಿದ್ದರು, ನನಗೆ ಅಡುಗೆಮನೆ ಬಿಟ್ಟಿದ್ದರು. ಇಷ್ಟು ವರ್ಷ ನಾನು ಅದನ್ನು ಅವರ ಮಡಿಯ ಲೆಕ್ಕಕ್ಕೆ ಹಾಕಿದ್ದೆ. ಚೀಲ, ಪಾದ, ಬಾಲ ಎಲ್ಲ ನೋಡುವ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ. ಹೇಳಬೇಕಾದದ್ದು ಮುಗಿಯಿತೆಂಬಂತೆ ಅವರು ಎದ್ದು ಹೋದರು. ಹೋಗುವಾಗ, ಆಗಷ್ಟೇ ಬಂದು ಬಾಗಿಲಿಗೆ ಅಡ್ಡ ನಿಂತಿದ್ದ ನಾಯಿಗೆ, "ಸರಿಯವಾ" ಎಂದರು. ಅದುವರೆಗೆ ಅವರು ಅದಕ್ಕೆ ಅದು ಎನ್ನುತ್ತಿದ್ದರು. ಅಂದಿನಿಂದ ಇಕಿ ಎನ್ನತೊಡಗಿದರು.

ಆ ಮಾತಿನ ಬದಲು ಇನ್ನೊಂದನ್ನು ಹುಡುಕಿದವರೂ ಅತ್ತೆಯೇ. ಬಯಲ ಎಂದರೆ ಬಯಲಕಡೆ ಎಂದಾಗುತ್ತದೆ, ಬಂದವರೆದುರು ಚಂದವಲ್ಲ ಎಂದರು. ನಾಲ್ಕು ದಿನ ಮಾತು ತಡವರಿಸಿ, ಕೊನೆಗೊಂದು ಬೆಳಿಗ್ಗೆ "ಹಾಸಿಗಿ ಬೆಳಕಿಗೆ ಹಾಕವಾ" ಎಂದರು. ಅದೇ ನಿಂತಿತು. ಅರಿವೆ ಬೆಳಕಿಗೆ, ಚಪ್ಪಲಿ ಬೆಳಕಿಗೆ, ಬೆಳಕಿನ್ಯಾಗ ಯಾರೋ ಬಂದಾರ. ಅಂಗಡಿಯ ಗುಮಾಸ್ತರು ಬಂದು ಕೂಗಿದಾಗ, ನಿಮ್ಮ ಮಾಲಕ ಬೆಳಕಿಗೆ ಹೋಗ್ಯಾನ ಎಂದು ಅತ್ತೆ ಹೇಳಿದರೆ, ಆ ಮನುಷ್ಯ ತೀರಿಕೊಂಡರೆಂದೇ ತಿಳಿದು ಗಾಬರಿಯಾಗಿ ಯಾವಾಗ ಎಂದು ಕೇಳಿದರಂತೆ. ನೆಲ ಒರೆಸುವ ಸರದಿ ಹೆಚ್ಚಾಗಿ ಗಂಡನದೇ ಆಗುತ್ತಿತ್ತು. ಮೊದಮೊದಲು ಬಾಗಿಲು ಮುಚ್ಚಿಕೊಂಡು ಒರೆಸಿದರು. ಎದುರು ಮನೆಯ ಚಾಚಿಗೆ ಅದು ಹೇಗೋ ಕಂಡಿತ್ತು.

ನಾನು ನಾಯಿಯ ಜೊತೆ ಮೊದಲಿನಿಂದ ಶುರು ಮಾಡಿದೆ. ಎತ್ತಿಕೊಳ್ಳಲಿಲ್ಲ. ಎತ್ತುವುದೂ ಅದಕ್ಕೆ ಅದೇ ನೆನಪಿರಬೇಕು. ಹಿತ್ತಲ ಬಾಗಿಲು ತೆರೆದು ನಾನೇ ಮೊದಲು ಹೋಗಿ ಪೇರಲ ಗಿಡದ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಬೆಳಕಿಗೆ ಬಾ" ಎನ್ನುತ್ತಿದ್ದೆ. ಹೊಸ್ತಿಲು ದಾಟಲು ಅದಕ್ಕೆ ಬಹಳ ಹೊತ್ತು ಬೇಕಾಗುತ್ತಿತ್ತು. ಹಾಲು ಉಕ್ಕಿದ್ದಿದೆ, ಪಲ್ಲೆ ಸೀದದ್ದಿದೆ. ಸೀದ ಪಲ್ಲೆಯನ್ನು ಗಂಡ ಮಾತಾಡದೆ ಉಂಡರು. ಮೊಣಕಾಲು ನೋಯುತ್ತಿದ್ದರೂ ಅದು ಬರುವವರೆಗೆ ನಾನು ಏಳುತ್ತಿರಲಿಲ್ಲ. ಹಿಂದೆ ಮುಂದೆ ಮಾಡಿ, ಒಂದು ಕಾಲು ದಾಟಿಸಿ, ಗಾಳಿ ಮೂಸಿ, ಅಂತೂ ಬರುತ್ತಿತ್ತು. ಬಂದ ಮೇಲೆ ಬೆಲ್ಲ. ಒಂದು ದಿನ ನಾನು ಪಾತ್ರೆ ತಿಕ್ಕುತ್ತಿರುವಾಗ ಹಿತ್ತಲ ಬಾಗಿಲನ್ನು ಯಾರೋ ಕೆರೆದ ಸದ್ದಾಯಿತು. ಇಲಿ ಇರಬೇಕೆಂದುಕೊಂಡೆ. ತಿರುಗಿ ನೋಡಿದರೆ ನಾಯಿ ಮುಂಗಾಲನ್ನು ಬಾಗಿಲಿಗಿಟ್ಟು ನನ್ನನ್ನು ನೋಡುತ್ತಿತ್ತು. ಬೂದಿಯ ಕೈಯಲ್ಲೇ ಚಿಲಕ ತೆಗೆದೆ.

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುವಷ್ಟರಲ್ಲಿ ಮಾಲು ಬಂತು. ಬೆಳಗಿನ ಹೊತ್ತು ಬಾಗಿಲಿಗೆ ಗಾಡಿ ಬಂದು ನಿಂತಿತು. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಬಂದು ಪಡಸಾಲೆಯ ಗೋಡೆಗೆ ಸಾಲಾಗಿ ಇಡತೊಡಗಿದರು. ಮನೆಯೆಲ್ಲ ಕೆಂಪಾಯಿತು, ಘಾಟು ತುಂಬಿತು. ನಾಯಿಯನ್ನು ಕಟ್ಟಿಹಾಕು ಎಂದು ಯಾರೂ ಹೇಳಲಿಲ್ಲ, ನಾನೂ ಕಟ್ಟಲಿಲ್ಲ. ಕಟ್ಟಿಹಾಕಿದರೆ ಕಲಿತಿದೆ ಎಂದು ಹೇಗೆ ಹೇಳುವುದು? ಅದು ಅಡುಗೆಮನೆಯ ಬಾಗಿಲಲ್ಲಿ ನಿಂತು ಚೀಲಗಳನ್ನು ನೋಡಿತು. ಎಷ್ಟೊಂದು ಗೋಣಿ. ಮೆಲ್ಲಗೆ ಹತ್ತಿರ ಹೋಗಿ ಮೊದಲನೆಯ ಚೀಲದ ಮೂಲೆ ಮೂಸಿತು. ಹಮಾಲರಿಗೆ ಚಹಾ ಕೊಡುತ್ತಿದ್ದ ನಾನು ಬಸಿ ಹಿಡಿದು ನಿಂತೆ. ದೇವರ ಮನೆಯ ಹೊಸ್ತಿಲಲ್ಲಿ ಕೂತಿದ್ದ ಅತ್ತೆಯ ಜಪದ ಸರವೂ ನಿಂತಿತ್ತು. ನಾಯಿ ಎರಡನೆಯ ಚೀಲ ಮೂಸಿತು, ಸುಮ್ಮನೆ ಮುಂದೆ ಹೋಯಿತು.

ಆಗ ಬಾಗಿಲ ಬಳಿ ಒಬ್ಬ ಹಮಾಲ ಚೀಲವನ್ನು ಕಟ್ಟೆಯ ಮೇಲೆ ಇಳಿಸಲು ಹೋದ. ಕಟ್ಟೆಗೆ ನೀರು ಹಾಕಿ ತೊಳೆದಿದ್ದೆ, ಇನ್ನೂ ಹಸಿಯಿತ್ತು. ಗಂಡ ಅಂಗಡಿಯ ದನಿಯಲ್ಲಿ ಕೂಗಿದರು: "ಹೊರಗ ಇಡಬ್ಯಾಡೋ, ಹೊರಗ ಇಡಬ್ಯಾಡ."

ನಾಯಿ ಚೀಲಗಳ ನಡುವೆ ಇತ್ತು. ಅದರ ತಲೆ ಬಗ್ಗಿತು, ಬಾಲ ಒಳಗೆ ಸೇರಿತು. ನಾನು ಬಸಿಯನ್ನು ಕೆಳಗಿಡಲು ಬಗ್ಗಿದೆ. ಕರೆದವರು ಅತ್ತೆ. ಕೂತಲ್ಲಿಂದಲೇ, ಮೆತ್ತಗೆ, "ಬೆಳಕಿಗೆ ಹೋಗವಾ ಯವ್ವಾ" ಎಂದರು.

ಅದು ಓಡಿತು. ಪಡಸಾಲೆಯಿಂದ ನಡುಮನೆ, ಅಲ್ಲಿಂದ ಅಡುಗೆಮನೆ, ತೆರೆದಿದ್ದ ಹಿತ್ತಲ ಬಾಗಿಲು. ಕಲ್ಲಿನ ಮೇಲೆ ಉಗುರಿನ ಸದ್ದು, ಅದರ ಹಿಂದೆಯೇ ಹನಿಹನಿಯಾಗಿ ಒಂದು ಗೆರೆ. ನಾನು ಹಿಂದೆ ಓಡಿದೆ. ಪೇರಲ ಗಿಡದ ಬುಡದಲ್ಲಿ, ಮಣ್ಣಿನ ಮೇಲೆ, ನಾಯಿ ಕೂತಿತ್ತು. ಮೈ ನಡುಗುತ್ತಿತ್ತು, ಆದರೂ ಕೂತಿತ್ತು.

ತಿರುಗಿ ಬಂದಾಗ ಗಂಡ ಪಡಸಾಲೆಯಲ್ಲಿ ಬಗ್ಗಿ ಒಂದೊಂದೇ ಚೀಲದ ತಳ ಮುಟ್ಟಿ ನೋಡುತ್ತಿದ್ದರು. ಎಲ್ಲ ಒಣಗಿದ್ದವು. ಆಮೇಲೆ ಅವರ ಕಣ್ಣು ನೆಲದ ಗೆರೆಯ ಮೇಲೆ ಬಿತ್ತು. ಹಮಾಲರು ನಿಂತು ನೋಡುತ್ತಿದ್ದರು.

"ಇದೇನಿದು?" ಎಂದರು.

"ನೀರು," ಎಂದರು ಅತ್ತೆ. "ತಂಬಗಿ ಚೆಲ್ಲೇತಿ."

ಅತ್ತೆಯ ಕೈಯಲ್ಲಿ ತಂಬಿಗೆ ಇರಲಿಲ್ಲ. ಹತ್ತಿರದಲ್ಲೆಲ್ಲೂ ಇರಲಿಲ್ಲ. ಗಂಡ ತಾಯಿಯ ಮುಖ ನೋಡಿದರು, ಗೆರೆ ನೋಡಿದರು, ಅದು ಹೋದ ದಾರಿ ನೋಡಿದರು.

"ನೀರಾ?"

"ನೀರು. ಆದ್ರೂ ಒರಸಾಂವ ನೀನ ತಮ್ಮಾ. ಮಾತು ನಿಂದು."

ಮೂಲೆಯಲ್ಲಿದ್ದ ಅರಿವೆಯನ್ನು ಅತ್ತೆ ಕಾಲಿನಿಂದ ಅವರ ಕಡೆ ಸರಿಸಿದರು. ಬಿಳಿ ಅಂಗಿ, ಬಿಳಿ ಪಂಚೆ ಉಟ್ಟ ದಲಾಲರು ಪಂಚೆ ಮೇಲಕ್ಕೆ ಕಟ್ಟಿಕೊಂಡು, ಹಮಾಲರೆದುರು ಕುಕ್ಕರಗಾಲಲ್ಲಿ ಕೂತು ಒರೆಸತೊಡಗಿದರು. ಪಡಸಾಲೆಯಿಂದ ಹಿತ್ತಲ ಹೊಸ್ತಿಲವರೆಗೆ ಒಂದು ಹನಿಯನ್ನೂ ಬಿಡದೆ ಒರೆಸಿದರು. ಹೊಸ್ತಿಲಿನ ಹತ್ತಿರ ನನ್ನನ್ನು ಕಂಡು, "ಚೀಲಕ್ಕ ಹತ್ತಿಲ್ಲ ಬಿಡು" ಎಂದರು. ಅಗಡಿಯ ಹೊಲದ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ನಾಯಿ ಮಣ್ಣಿನ ಕಾಲಲ್ಲಿಯೇ ಒಳಗೆ ಬಂತು. ಮತ್ತೆ ಚೀಲಗಳ ಹತ್ತಿರ ಹೋಗಿ, ಈ ಸಲ ಮೂಗು ಒತ್ತಿ ಉಸಿರೆಳೆದುಕೊಂಡಿತು. ಇಡೀ ಮೈ ಹಿಂದಕ್ಕೆ ಹೋಗುವಂತೆ ಸೀನಿತು. ಮತ್ತೊಮ್ಮೆ ಸೀನಿತು. ಅದರ ಬಾಯಿಂದ ನಾವು ಕೇಳಿದ ಮೊದಲ ಗಟ್ಟಿ ಸದ್ದು ಅದೇ. ಹಮಾಲರು ನಕ್ಕರು. ಅದನ್ನು ಆಚೆ ಒಯ್ಯಲೆಂದು ನಾನು ಬಗ್ಗಿದೆ.

"ಇರಲಿ ಬಿಡವಾ," ಎಂದರು ಅತ್ತೆ, ಸರದ ಮಣಿ ಮುಂದೆ ತಿರುವುತ್ತ. "ನೀನೂ ಸೀನೀದಿ. ಬರೂ ಸುಗ್ಗಿಗೆ ಇಕಿದೂ ನಿಂದರತೈತಿ."